ಪಶ್ಚಾತ್ತಾಪ, ನಂಬಿಕೆ, ರಕ್ಷಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರೊಟೆಸ್ಟಂಟ್ ಸಭೆಗಳಲ್ಲಿ ‘ನಂಬಿಕೆ’ ಎನ್ನುವುದನ್ನು ಕಥೋಲಿಕ ಧರ್ಮಸಭೆಯಲ್ಲಿ ‘ವಿಶ್ವಾಸ’ ಎನ್ನುತ್ತಾರೆ. ಅಲ್ಲಿನ ‘ಶುಭಸಂದೇಶ’ ಇಲ್ಲಿನ ‘ಸುವಾರ್ತೆ’. ಮಾತು ಬೇರೆ, ಮೂಲದ ಗ್ರೀಕ್ ಪದ ಒಂದೇ. ಕೆಳಗೆ ‘ನಂಬಿಕೆ’, ‘ಸುವಾರ್ತೆ’ ಎಂದೇ ಬಳಸಿದ್ದೇವೆ. ಬೋಧನೆಯೇ ಬೇರೆಯಾಗುವ ಕಡೆ ಅದನ್ನು ಮುಚ್ಚಿಟ್ಟಿಲ್ಲ. ವಚನಗಳ ಸಂಖ್ಯೆ ಕೊಟ್ಟಿದ್ದೇವೆ, ಸತ್ಯವೇದ ತೆರೆದಿಟ್ಟುಕೊಂಡು ಓದಿದರೆ ಒಳ್ಳೆಯದು.

ಪಶ್ಚಾತ್ತಾಪ ಎಂದರೆ ಮಾಡಿದ್ದಕ್ಕೆ ಅತ್ತು ಕೊರಗುವುದೇ?

ಗೊಂದಲಕ್ಕೆ ಅರ್ಧ ಕಾರಣ ನಮ್ಮ ಪದವೇ. ‘ಪಶ್ಚಾತ್ತಾಪ’ವನ್ನು ಬಿಡಿಸಿದರೆ ಆಮೇಲೆ ಹುಟ್ಟುವ ತಾಪ, ಅಂದರೆ ಬರೀ ಒಳಗಿನ ಸುಡುವಿಕೆ. ಆದರೆ ಹೊಸ ಒಡಂಬಡಿಕೆಯ ಗ್ರೀಕ್ ಪದ ‘ಮೆತಾನೊಯಾ’ ಮನಸ್ಸು ಬದಲಾಗುವುದನ್ನು ಹೇಳುತ್ತದೆ. ಹಳೆಯ ಒಡಂಬಡಿಕೆಯ ಪ್ರವಾದಿಗಳು ಹೆಚ್ಚಾಗಿ ಬಳಸುವ ಹೀಬ್ರೂ ಕ್ರಿಯಾಪದ ‘ಶೂವ್’. ಅದು ದಾರಿಯಲ್ಲಿ ಹೋಗುತ್ತಿದ್ದವನು ತಿರುಗಿ ವಾಪಸಾಗುವುದಕ್ಕೆ ಹೇಳುವ ದಿನಬಳಕೆಯ ಮಾತು. ಹಳೆಯ ಕನ್ನಡ ಸತ್ಯವೇದದ ಅನುವಾದಕರು ಇದನ್ನು ಚೆನ್ನಾಗಿ ಹಿಡಿದಿದ್ದಾರೆ. ಮತ್ತಾಯ 4:17ರಲ್ಲಿ ಅವರು ‘ದೇವರ ಕಡೆಗೆ ತಿರುಗಿಕೊಳ್ಳಿರಿ’ ಎಂದು ಬರೆದರು. ಬೇರೆ ಅನುವಾದಗಳಲ್ಲಿ ‘ಮಾನಸಾಂತರ’ ಎಂದೂ ಇದೆ. ಎರಡೂ ‘ಪಶ್ಚಾತ್ತಾಪ’ಕ್ಕಿಂತ ಮೂಲಕ್ಕೆ ಹತ್ತಿರ.

ತಾಪ ಬೇಡವೆಂದಲ್ಲ, ತಾಪವೊಂದೇ ಸಾಲದು. ಯೇಸುವನ್ನು ಹಿಡಿದುಕೊಟ್ಟ ಯೂದನಿಗೆ ತಾಪವಾಯಿತು. 30 ಬೆಳ್ಳಿ ನಾಣ್ಯಗಳನ್ನು ವಾಪಸ್ ತಂದ, ತಪ್ಪನ್ನು ಬಾಯಿಬಿಟ್ಟು ಹೇಳಿದ, ಆಮೇಲೆ ಹೋಗಿ ನೇಣು ಹಾಕಿಕೊಂಡ (ಮತ್ತಾಯ 27:3–5). ಅಲ್ಲಿ ಮತ್ತಾಯನು ಬಳಸುವ ಗ್ರೀಕ್ ಪದವೂ ಬೇರೆ: ‘ಮೆತಮೆಲೊಮಾಯ್’, ಮನಸ್ಸು ಮರುಗುವುದು. ಯೇಸುವನ್ನು ಹಿಡಿದುಕೊಟ್ಟ ರಾತ್ರಿಯೇ ಶಿಷ್ಯ ಪೇತ್ರನು ಮೂರು ಸಲ ಯೇಸುವನ್ನು ಅರಿಯೆನೆಂದು ಹೇಳಿ ಹೊರಗೆ ಹೋಗಿ ಬಿಕ್ಕಿ ಅತ್ತ. ಅತ್ತವನು ಮತ್ತೆ ಶಿಷ್ಯರ ನಡುವೆಯೇ ಸಿಗುತ್ತಾನೆ. ಯಾರ ಕೊರಗು ದೊಡ್ಡದಿತ್ತು ಎಂದು ಅಳೆಯಲಾಗದು, ಅಳೆಯಬೇಕಾಗಿಯೂ ಇಲ್ಲ. ಒಬ್ಬನು ಕ್ರಿಸ್ತನ ಕಡೆ ಮುಖ ಮಾಡಿದ, ಇನ್ನೊಬ್ಬನು ಮಾಡಲಿಲ್ಲ. ಪೌಲನು 2 ಕೊರಿಂಥ 7:10ರಲ್ಲಿ ದುಃಖವನ್ನು ಎರಡಾಗಿ ಬೇರ್ಪಡಿಸುವುದೂ ಹೀಗೆಯೇ.

ನನಗೆ ಕಣ್ಣೀರೇ ಬರಲಿಲ್ಲ. ನನ್ನದು ನಿಜವಾದ ಪಶ್ಚಾತ್ತಾಪವಲ್ಲವೇ?

ಕಣ್ಣೀರು ಸ್ವಭಾವಕ್ಕೆ ಸೇರಿದ್ದು. ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟು ವಾಪಸ್ ಕೊಡುತ್ತೇನೆಂದ ಸುಂಕದವನು ಜಕ್ಕಾಯ. ಅವನು ಅತ್ತನೆಂದು ಲೂಕನು ಎಲ್ಲೂ ಬರೆದಿಲ್ಲ.

ನಂಬಿಕೆ ಎಂದರೆ ದೇವರಿದ್ದಾನೆ ಎಂದು ಒಪ್ಪಿಕೊಳ್ಳುವುದು ತಾನೇ?

ಅಷ್ಟನ್ನು ದೆವ್ವಗಳೂ ಒಪ್ಪುತ್ತವೆ, ಒಪ್ಪಿ ನಡುಗುತ್ತವೆ (ಯಾಕೋಬ 2:19). ಪ್ರೊಟೆಸ್ಟಂಟ್ ಸಭೆಗಳು ಹುಟ್ಟಿದ ಸುಧಾರಣಾ ಕಾಲದ ಬೋಧಕರು ನಂಬಿಕೆಯಲ್ಲಿ ಮೂರು ಅಂಶ ಗುರುತಿಸಿದರು: ತಿಳಿವು, ಒಪ್ಪಿಗೆ, ಭರವಸೆ. 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರ ಬೋಧೆಯ 21ನೆಯ ಪ್ರಶ್ನೆಯಲ್ಲೂ ಇದೇ ಜಾಡು ಇದೆ.

ಈ ಮೂರನೆಯದಕ್ಕೆ ಕನ್ನಡದಲ್ಲಿ ಒಂದು ಒಳ್ಳೆಯ ಮಾತಿದೆ, ‘ನೆಚ್ಚುವುದು’. ಮುಂಗಾರು ಯಾವ ತಿಂಗಳು ಬರುತ್ತದೆ ಎಂದು ರೈತನಿಗೆ ಗೊತ್ತು. ಅದು ತಿಳಿವು. ಈ ವರ್ಷ ಮಳೆ ಬರುತ್ತದೆ ಎನ್ನುತ್ತಾನೆ. ಅದು ಒಪ್ಪಿಗೆ. ಮನೆಯಲ್ಲಿ ಉಳಿದಿರುವ ಬಿತ್ತನೆ ಬೀಜವನ್ನು ಒಣ ಮಣ್ಣಿಗೆ ಹಾಕಿದ ದಿನ ಅವನು ಮಳೆಯನ್ನು ನೆಚ್ಚಿದ. ಆ ಬೀಜ ಮತ್ತೆ ಚೀಲಕ್ಕೆ ಬರುವುದಿಲ್ಲ. ಕ್ರಿಸ್ತನು ನಮ್ಮ ಪಾಪಕ್ಕಾಗಿ ಸತ್ತು ಎದ್ದನು ಎಂದು ತಿಳಿಯುವುದು, ಅದು ಸತ್ಯವೆಂದು ಒಪ್ಪುವುದು, ತನ್ನ ಲೆಕ್ಕವನ್ನೆಲ್ಲ ಅವನ ಮೇಲೆಯೇ ಹಾಕಿಬಿಡುವುದು, ಈ ಮೂರೂ ಕೂಡಿದರೆ ನಂಬಿಕೆ.

ತಪ್ಪುವುದು ಸಾಮಾನ್ಯವಾಗಿ ಎರಡು ಕಡೆ. ಕ್ರೈಸ್ತ ಮನೆಯಲ್ಲೇ ಹುಟ್ಟಿ ಬೆಳೆದವರು ಮೊದಲೆರಡರಲ್ಲೇ ನಿಂತುಬಿಡುತ್ತಾರೆ. ಭಾನುವಾರ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ನಂಬಿಕೆಯೆಂದೇ ಅವರ ಎಣಿಕೆ. ಗುಣವಾಗಲೆಂದು, ಸಾಲ ತೀರಲೆಂದು ಪ್ರಾರ್ಥನಾ ಕೂಟಕ್ಕೆ ಬಂದವರು ಮೂರನೆಯದಕ್ಕೇ ಹಾರುತ್ತಾರೆ, ಯಾರನ್ನು ಯಾಕೆ ನೆಚ್ಚುತ್ತಿದ್ದೇವೆ ಎಂಬುದೇ ಗೊತ್ತಿರುವುದಿಲ್ಲ. ಕೇಳಿದ್ದು ಸಿಗದ ದಿನ ಆ ನಂಬಿಕೆಯೂ ಮುಗಿಯುತ್ತದೆ.

ಪಶ್ಚಾತ್ತಾಪ, ನಂಬಿಕೆ ಎರಡರಲ್ಲಿ ಯಾವುದು ಮೊದಲು?

ಯೇಸುವಿನ ಮೊದಲ ಸಾರೋಣದಲ್ಲಿ ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ: ತಿರುಗಿಕೊಳ್ಳಿರಿ, ಸುವಾರ್ತೆಯನ್ನು ನಂಬಿರಿ (ಮಾರ್ಕ 1:15). ಪೌಲನು ಎಫೆಸದ ಹಿರಿಯರಿಗೆ ತನ್ನ ಬೋಧನೆಯನ್ನು ಒಟ್ಟುಮಾಡಿ ಹೇಳುವಾಗಲೂ ಅಷ್ಟೆ (ಅ. ಕೃತ್ಯಗಳು 20:21). ಬೇರೆ ಕಡೆ ಒಂದೊಂದೇ ಸಿಗುತ್ತದೆ. ಪಂಚಾಶತ್ತಮ ಹಬ್ಬದಂದು ‘ಏನು ಮಾಡಬೇಕು’ ಎಂದು ಕೇಳಿದವರಿಗೆ ಪೇತ್ರನು ತಿರುಗಿಕೊಳ್ಳಿ ಎಂದ (2:38). ಫಿಲಿಪ್ಪಿಯ ಸೆರೆಮನೆಯ ಅಧಿಕಾರಿ ಅದೇ ಪ್ರಶ್ನೆ ಕೇಳಿದಾಗ ಪೌಲ ಸೀಲರು ನಂಬು ಎಂದರು (16:31). ಯೋಹಾನನ ಸುವಾರ್ತೆಯಲ್ಲಂತೂ ‘ಮೆತಾನೊಯಾ’ ಪದವಾಗಲಿ ಅದರ ಕ್ರಿಯಾಪದವಾಗಲಿ ಒಂದು ಸಲವೂ ಬರುವುದಿಲ್ಲ. ‘ನಂಬು’ ಎಂಬ ಕ್ರಿಯಾಪದ ಮಾತ್ರ ಸುಮಾರು 98 ಸಲ ಬರುತ್ತದೆ.

ಹಾಗೆಂದು ಯೋಹಾನನು ಪಶ್ಚಾತ್ತಾಪ ಬೇಡ ಅಂದನೇ? ಇಲ್ಲ. ಪಶ್ಚಿಮಕ್ಕೆ ಮುಖ ಮಾಡಿ ನಿಂತವನು ಪೂರ್ವಕ್ಕೆ ತಿರುಗಿದರೆ ಪಶ್ಚಿಮಕ್ಕೆ ತಾನಾಗಿ ಬೆನ್ನು ಬೀಳುತ್ತದೆ. ಬೆನ್ನಿನ ಕಡೆಯಿಂದ ನೋಡಿದರೆ ಪಶ್ಚಾತ್ತಾಪ, ಮುಖದ ಕಡೆಯಿಂದ ನೋಡಿದರೆ ನಂಬಿಕೆ. ಎರಡು ಸಲ ತಿರುಗುವುದಿಲ್ಲ.

ತರ್ಕದ ಮಟ್ಟಿಗೆ ಕ್ರಮ ಬೇಕೇ ಬೇಕು ಎನ್ನುವವರಿಗೆ ಸುಧಾರಣಾ ಕಾಲದ ಬೋಧಕ ಕ್ಯಾಲ್ವಿನನ ಉತ್ತರ ನಮಗೆ ಸರಿ ಕಾಣುತ್ತದೆ: ಪಶ್ಚಾತ್ತಾಪ ಹುಟ್ಟುವುದು ನಂಬಿಕೆಯಿಂದ. ಯೇಸು ಹೇಳಿದ ಕಥೆಯಲ್ಲಿ, ಅಪ್ಪನಿಂದ ಪಡೆದ ಪಾಲನ್ನು ಹಾಳುಮಾಡಿದ ದುಂದುಗಾರ ಮಗನು (ಲೂಕ 15) ಹಂದಿ ಕಾಯುತ್ತಾ ಕುಳಿತಾಗ ಅವನಿಗೆ ಮೊದಲು ನೆನಪಾದದ್ದು ಅಪ್ಪನ ಮನೆಯ ಆಳುಗಳಿಗೂ ಹೊಟ್ಟೆ ತುಂಬಿ ಮಿಗುವಷ್ಟು ರೊಟ್ಟಿ ಇದೆ ಎಂಬುದು. ಅಪ್ಪ ಬಾಗಿಲು ಹಾಕಿಕೊಳ್ಳಲಾರ ಎಂಬ ಒಂದೆಳೆ ಭರವಸೆಯಾದರೂ ಇಲ್ಲದಿದ್ದರೆ ಅವನು ಎದ್ದು ಹೊರಡುತ್ತಿರಲಿಲ್ಲ. ‘ಮೊದಲು ಸಾಕಷ್ಟು ಪಶ್ಚಾತ್ತಾಪ ಮಾಡು, ಆಮೇಲೆ ಕ್ರಿಸ್ತನ ಬಳಿ ಬಾ’ ಎಂಬ ಬೋಧನೆ ಕೆಡುವುದು ಇಲ್ಲಿಯೇ. ಸಾಕಷ್ಟು ಎಂದರೆ ಎಷ್ಟು ಎಂದು ಹೇಳುವವರು ಯಾರೂ ಇಲ್ಲ.

ರಕ್ಷಣೆ ಉಚಿತ ಅನ್ನುತ್ತೀರಿ, ಪಶ್ಚಾತ್ತಾಪವೂ ಬೇಕು ಅನ್ನುತ್ತೀರಿ. ಇದು ಬೆಲೆ ಕಟ್ಟಿದಂತೆ ಆಗಲಿಲ್ಲವೇ?

ಆಗಲಿಲ್ಲ. ಕೃಪೆಯಿಂದಲೇ, ನಂಬಿಕೆಯ ಮೂಲಕ ರಕ್ಷಣೆ, ಅದು ದೇವರ ವರ (ಎಫೆಸ 2:8). ತಿರುಗುವ ಮನಸ್ಸನ್ನೂ ದೇವರೇ ಕೊಡುತ್ತಾನೆ (ಅ. ಕೃತ್ಯಗಳು 11:18). ದಾನ ಪಡೆಯುವವನು ಕೈ ಚಾಚುತ್ತಾನೆ, ಆ ಕೈ ಚಾಚುವಿಕೆಯನ್ನು ಯಾರೂ ದಾನದ ಬೆಲೆ ಎನ್ನುವುದಿಲ್ಲ. ಕೈಯಲ್ಲಿ ಹಿಡಿದಿದ್ದನ್ನು ಬಿಡದೆ ಚಾಚಲೂ ಆಗದು.

ಕನ್ನಡದಲ್ಲಿ ತೊಡಕು ತರುವ ಇನ್ನೊಂದು ಪದ ‘ಪ್ರಾಯಶ್ಚಿತ್ತ’. ಊರ ಮಾತಿನಲ್ಲಿ ಅದು ತಪ್ಪು ಮಾಡಿದವನು ತಾನೇ ಅನುಭವಿಸಿ ತೀರಿಸುವುದು. ಕ್ರೈಸ್ತ ಬೋಧನೆಯಲ್ಲಿ ಪಾಪವನ್ನು ತೀರಿಸಿದ್ದು ಕ್ರಿಸ್ತನ ಶಿಲುಬೆ. ನಾಲ್ಕು ಶುಕ್ರವಾರ ಉಪವಾಸ ಇದ್ದು ಪಾಪ ಕಳೆದುಕೊಂಡೆ ಎನ್ನುವವರು ಪಶ್ಚಾತ್ತಾಪವನ್ನು ಈ ಅರ್ಥದ ಪ್ರಾಯಶ್ಚಿತ್ತ ಮಾಡಿಕೊಂಡಿದ್ದಾರೆ.

ಈ ತೊಡಕು ಹಳೆಯದು. ಲ್ಯಾಟಿನ್ ಸತ್ಯವೇದದಲ್ಲಿ ‘ತಿರುಗಿಕೊಳ್ಳಿರಿ’ ಎಂಬ ಜಾಗದಲ್ಲಿದ್ದ ಮಾತನ್ನು ‘ಪ್ರಾಯಶ್ಚಿತ್ತ ಮಾಡಿರಿ’ ಎಂದೂ ಓದಬಹುದಿತ್ತು. 1516ರಲ್ಲಿ ವಿದ್ವಾಂಸ ಎರಾಸ್ಮಸ್ ಗ್ರೀಕ್ ಹೊಸ ಒಡಂಬಡಿಕೆಯನ್ನು ಅಚ್ಚು ಹಾಕಿಸಿದ ಮೇಲೆ ಮೂಲ ಪದ ವಿದ್ವಾಂಸರ ಕೈಗೆ ಸುಲಭವಾಗಿ ಸಿಕ್ಕಿತು. ಮರುವರ್ಷ, 1517ರಲ್ಲಿ, ಜರ್ಮನಿಯ ಮಠವಾಸಿ ಲೂಥರ್ ಮುಂದಿಟ್ಟ 95 ವಾದಗಳಲ್ಲಿ ಮೊಟ್ಟಮೊದಲನೆಯದೇ ಇದರ ಬಗ್ಗೆ: ನಂಬುವವನ ಇಡೀ ಬದುಕೇ ಪಶ್ಚಾತ್ತಾಪವಾಗಿರಬೇಕೆಂದು ಕ್ರಿಸ್ತನ ಇಷ್ಟ.

ಕಥೋಲಿಕರಿಗೂ ಪ್ರೊಟೆಸ್ಟಂಟರಿಗೂ ಇಲ್ಲಿ ನಿಜವಾದ ವ್ಯತ್ಯಾಸ ಏನು?

‘ಕಥೋಲಿಕರು ಕ್ರಿಯೆಗಳಿಂದ ರಕ್ಷಣೆ ಎನ್ನುತ್ತಾರೆ’ ಎಂಬುದು ಸರಿಯಲ್ಲ. ಕಥೋಲಿಕ ಬಿಷಪರ ಟ್ರೆಂಟ್ ಮಹಾಸಭೆಯೇ 1547ರಲ್ಲಿ ನಂಬಿಕೆಯನ್ನು ನೀತೀಕರಣದ ಆರಂಭ, ಬುನಾದಿ, ಬೇರು ಎಂದಿತು. ವ್ಯತ್ಯಾಸ ಬೇರೆ ಕಡೆ ಇದೆ. ಪ್ರೊಟೆಸ್ಟಂಟರಿಗೆ ನೀತೀಕರಣವೆಂದರೆ ಕ್ರಿಸ್ತನ ನಿಮಿತ್ತ ಪಾಪಿಯನ್ನು ನೀತಿವಂತನೆಂದು ದೇವರು ತೀರ್ಪು ಕೊಡುವುದು. ಬದುಕು ಶುದ್ಧವಾಗುತ್ತಾ ಹೋಗುವುದು ಅದರ ಫಲ. ಕಥೋಲಿಕ ಬೋಧನೆಯಲ್ಲಿ ಆ ಒಳಗಿನ ನವೀಕರಣವೂ ನೀತೀಕರಣದ ಒಳಗೇ ಸೇರಿದೆ. ಹಾಗಾಗಿ ಘೋರ ಪಾಪದಿಂದ ಅದನ್ನು ಕಳೆದುಕೊಳ್ಳಬಹುದು, ಪಾಪನಿವೇದನೆಯ ಸಂಸ್ಕಾರದಿಂದ ಮರಳಿ ಪಡೆಯಬಹುದು. 1999ರ ಅಕ್ಟೋಬರ್ 31ರಂದು ಜರ್ಮನಿಯ ಔಗ್ಸ್‌ಬರ್ಗ್‌ನಲ್ಲಿ ಕಥೋಲಿಕ ಧರ್ಮಸಭೆ ಮತ್ತು ಲೂಥರನ್ ವಿಶ್ವ ಒಕ್ಕೂಟ ನೀತೀಕರಣದ ಬಗ್ಗೆ ಜಂಟಿ ಘೋಷಣೆಗೆ ಸಹಿ ಹಾಕಿದವು. ಮೆಥೋಡಿಸ್ಟರು 2006ರಲ್ಲಿ, ರಿಫಾರ್ಮ್ಡ್ ಸಭೆಗಳ ಒಕ್ಕೂಟ 2017ರಲ್ಲಿ ಜೊತೆಯಾದವು. ಎಲ್ಲ ಬಗೆಹರಿಯಿತೆಂದಲ್ಲ, ಒಬ್ಬರನ್ನೊಬ್ಬರು ಶಪಿಸುವ ಕಾಲ ಮುಗಿಯಿತು.

ಪೌಲ ಕ್ರಿಯೆ ಬೇಡ ಅನ್ನುತ್ತಾನೆ, ಯಾಕೋಬ ಬೇಕು ಅನ್ನುತ್ತಾನೆ. ಯಾರ ಮಾತು ಸರಿ?

ಇಬ್ಬರೂ ಅಬ್ರಹಾಮನನ್ನೇ ಸಾಕ್ಷಿ ಕರೆಯುತ್ತಾರೆ, ಆದರೆ ಅವನ ಬದುಕಿನ ಬೇರೆ ಬೇರೆ ದಿನಗಳಿಂದ. ಪೌಲನ ಸಾಕ್ಷಿ ಆದಿಕಾಂಡ 15:6, ಅಬ್ರಹಾಮನು ಬರೀ ಮಾತನ್ನು ನಂಬಿದ ರಾತ್ರಿ. ಇಷ್ಮಾಯೇಲ ಹುಟ್ಟಿದಾಗ ಅವನಿಗೆ 86 ವರ್ಷ, ಸುನ್ನತಿಯಾದಾಗ 99. ಅಂದರೆ ನೀತಿವಂತನೆಂಬ ಎಣಿಕೆ ಸುನ್ನತಿಗಿಂತ ಕನಿಷ್ಠ 13 ವರ್ಷ ಮೊದಲಿನದು (ರೋಮ 4:10). ಯಾಕೋಬನ ಸಾಕ್ಷಿ 22ನೆಯ ಅಧ್ಯಾಯ, ಇಸಾಕನನ್ನು ಬೆಟ್ಟಕ್ಕೆ ಕರೆದುಕೊಂಡು ಹೋದ ದಿನ. ಮೊದಲನೆಯದು ಬೀಜ ಬಿತ್ತಿದ ದಿನ, ಎರಡನೆಯದು ಪೈರು ಕಂಡ ದಿನ. ಪೈರಿಲ್ಲದ ಹೊಲ ತೋರಿಸಿ ‘ಬಿತ್ತಿದ್ದೇನೆ’ ಎನ್ನುವವನ ಜೊತೆ ಯಾಕೋಬನ ಜಗಳ.

ಪಶ್ಚಾತ್ತಾಪಪಡುವುದು ಹೇಗೆ? ಕ್ರಮವಾಗಿ ಹೇಳಿ.

ಮಂತ್ರದಂಥ ಕ್ರಮವಿಲ್ಲ. ಆದರೆ ದಾವೀದನ ಹೆಸರಿನ 51ನೆಯ ಕೀರ್ತನೆಯ ಜಾಡು ಹಿಡಿದರೆ ದಾರಿ ತಪ್ಪುವುದು ಕಡಿಮೆ. ಅದು ಶುರುವಾಗುವುದೇ ದೇವರ ಕರುಣೆಯಿಂದ, ಪಾಪದ ಪಟ್ಟಿಯಿಂದಲ್ಲ. ನೀವೂ ಅಲ್ಲಿಂದಲೇ ಶುರುಮಾಡಿ.

ಆಮೇಲೆ ತಪ್ಪಿಗೆ ಅದರ ಹೆಸರು ಹೇಳಿ. ‘ನನ್ನಿಂದ ಏನಾದರೂ ತಪ್ಪಾಗಿದ್ದರೆ’ ಎಂಬುದು ಅರಿಕೆಯಲ್ಲ, ಜಾರಿಕೆ. ‘ತಮ್ಮನ ಪಾಲಿನ ಜಮೀನಿನ ಪತ್ರಕ್ಕೆ ಮೋಸದಿಂದ ಸಹಿ ಹಾಕಿಸಿಕೊಂಡೆ’ ಎಂಬುದು ಅರಿಕೆ. ಕಾರಣ ಸೇರಿಸಬೇಡಿ. ‘ಆದರೆ’ ಎಂಬ ಪದ ಬಂದ ಕೂಡಲೇ ನಿಲ್ಲಿಸಿ, ಅಲ್ಲಿಂದ ಮುಂದೆ ನೀವು ಮಾಡುವುದು ವಾದ. ಕ್ರಿಸ್ತನ ನಿಮಿತ್ತ ಕ್ಷಮೆ ಕೇಳಿ, 1 ಯೋಹಾನ 1:9ರ ಮಾತನ್ನು ಹಿಡಿದು ಅದು ಸಿಕ್ಕಿತೆಂದು ತೆಗೆದುಕೊಳ್ಳಿ. ಕೊನೆಗೆ ಆ ಪಾಪಕ್ಕೆ ಮತ್ತೆ ದಾರಿ ಮಾಡಿಕೊಡುವ ವಸ್ತು, ಜಾಗ, ಫೋನ್ ನಂಬರ್ ಯಾವುದೋ ಅದನ್ನು ಅದೇ ದಿನ ಕಡಿದುಹಾಕಿ. ನಾಳೆಗೆ ಬಿಟ್ಟರೆ ಕೆಲಸ ಕೆಡುವುದು ಹೆಚ್ಚಾಗಿ ಈ ಹಂತದಲ್ಲೇ.

ಮೋಸ ಮಾಡಿ ಪಡೆದದ್ದನ್ನು ವಾಪಸ್ ಕೊಡಲೇಬೇಕೇ? ದೇವರು ಕ್ಷಮಿಸಿದ್ದಾನಲ್ಲ?

ಕೊಡಬೇಕು. ಕ್ಷಮೆ ಸಿಗಲೆಂದಲ್ಲ, ಆ ಹಣ ನಿಮ್ಮದಲ್ಲ ಎಂಬುದಕ್ಕೆ. ಧರ್ಮಶಾಸ್ತ್ರದ ಲೆಕ್ಕ ಖಚಿತವಾಗಿದೆ. ತಾನಾಗಿ ಒಪ್ಪಿಕೊಂಡವನು ಪೂರ್ತಿ ಮೊತ್ತದ ಜೊತೆ ಐದನೇ ಒಂದು ಪಾಲು ಸೇರಿಸಿ ಕೊಡಬೇಕು (ಯಾಜಕಕಾಂಡ 6:5, ಅರಣ್ಯಕಾಂಡ 5:7). ₹10,000 ನುಂಗಿದ್ದರೆ ₹12,000. ಕುರಿ ಕದ್ದು ಕಡಿದೋ ಮಾರಿಯೋ ಸಿಕ್ಕಿಬಿದ್ದ ಕಳ್ಳನಿಗೆ ಒಂದಕ್ಕೆ ನಾಲ್ಕು (ವಿಮೋಚನಕಾಂಡ 22:1).

ಈಗ ಜಕ್ಕಾಯನನ್ನು ನೋಡಿ (ಲೂಕ 19:1–10). ಅವನನ್ನು ಯಾರೂ ಹಿಡಿದಿರಲಿಲ್ಲ, ತಾನಾಗಿ ಒಪ್ಪಿಕೊಳ್ಳುತ್ತಿದ್ದ. ಐದನೇ ಒಂದು ಪಾಲು ಸೇರಿಸಿದ್ದರೆ ಸಾಕಿತ್ತು. ಅವನು ಸಿಕ್ಕಿಬಿದ್ದ ಕಳ್ಳನ ದರವನ್ನು ತನಗೆ ಹಾಕಿಕೊಂಡ: ನಾಲ್ಕರಷ್ಟು. ಅದಕ್ಕೂ ಮೊದಲು ಆಸ್ತಿಯ ಅರ್ಧ ಬಡವರಿಗೆ. ಲೆಕ್ಕ ಹಾಕಿ ನೋಡಿ. ಆಸ್ತಿ 100 ಇದ್ದರೆ 50 ಬಡವರಿಗೆ ಹೋಯಿತು, ಉಳಿದ 50ರಲ್ಲಿ ನಾಲ್ಕರಷ್ಟು ಕೊಡಬೇಕೆಂದರೆ ಮೋಸದ ಮೊತ್ತ 12.5 ಮೀರುವಂತಿಲ್ಲ. ಅವನ ಆಸ್ತಿಯಲ್ಲಿ ಎಂಟನೇ ಒಂದು ಪಾಲಿಗಿಂತ ಹೆಚ್ಚು ಮೋಸದ್ದಾಗಿದ್ದರೆ ಅವನ ಕೈ ಬರಿದಾಗಿ ಸಾಲ ಉಳಿಯುತ್ತಿತ್ತು. ಸುಂಕದವರ ಮುಖ್ಯಸ್ಥನಿಗೆ ಈ ಲೆಕ್ಕ ಗೊತ್ತಿರಲಿಲ್ಲ ಎನ್ನಲಾಗದು. ಮತ್ತೂ ಒಂದು ಗಮನಿಸಿ: ‘ಈ ಹೊತ್ತು ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು’ ಎಂದು ಯೇಸು ಹೇಳಿದ್ದು 5ನೆಯ ವಚನದಲ್ಲಿ, ಜಕ್ಕಾಯನು ಹಣದ ಮಾತೆತ್ತಿದ್ದು 8ನೆಯದರಲ್ಲಿ. ಕೃಪೆ ಮೊದಲು ಮನೆ ಹೊಕ್ಕಿತು, ತಿಜೋರಿ ಆಮೇಲೆ ತೆರೆಯಿತು.

ಕೊಡುವಾಗ ನಡೆಯುವ ತಪ್ಪುಗಳಲ್ಲಿ ಮೊದಲನೆಯದು, ಮೋಸ ಹೋದವನಿಗೆ ಕೊಡದೆ ಸಭೆಯ ಕಾಣಿಕೆ ಪೆಟ್ಟಿಗೆಗೆ ಹಾಕುವುದು. ಅದು ಕದ್ದ ಮಾಲಿನಲ್ಲಿ ಕಾಣಿಕೆ. ಯಾರದೋ ಅವರಿಗೇ ಸೇರಬೇಕು. ಅವರು ತೀರಿಕೊಂಡಿದ್ದರೆ ವಾರಸುದಾರರಿಗೆ. ಯಾರೂ ಸಿಗದೇ ಹೋದರೆ ಮಾತ್ರ ದೇವರ ಸೇವೆಗೆ (ಅರಣ್ಯಕಾಂಡ 5:8). ಒಂದೇ ಸಲ ಕೊಡಲಾಗದಿದ್ದರೆ ಕಂತು ಗೊತ್ತುಮಾಡಿ ಬರೆದುಕೊಡಿ, ಮೊದಲ ಕಂತು ಕೈಯಲ್ಲೇ ಒಯ್ಯಿರಿ. ವಿಷಯ ಅಪರಾಧವಾಗಿದ್ದರೆ ಮೊದಲು ವಕೀಲರನ್ನು ಕಾಣಿ. ಅದು ತಪ್ಪಿಸಿಕೊಳ್ಳುವುದಕ್ಕಲ್ಲ, ಒಪ್ಪಿಕೊಳ್ಳುವುದನ್ನು ಸರಿಯಾಗಿ ಒಪ್ಪಿಕೊಳ್ಳುವುದಕ್ಕೆ.

ಪಾಪವನ್ನು ಪಾದ್ರಿಗೆ ಹೇಳಲೇಬೇಕೇ?

ಕಥೋಲಿಕರಿಗೆ ಹೌದು. ತಿಳಿದೂ ಬೇಕೆಂದೇ ಮಾಡಿದ ಘೋರ ಪಾಪಗಳನ್ನು ವರ್ಷಕ್ಕೆ ಒಂದು ಸಲವಾದರೂ ನಿವೇದಿಸಬೇಕು, 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆಯಿಂದ ಬಂದ ನಿಯಮ ಇದು. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ ಸಾಲು ಉದ್ದವಾಗುವುದು ಇದಕ್ಕೇ. ಮೊದಲು ಆತ್ಮಶೋಧನೆ, ಆಮೇಲೆ ಪಾಪದ ಬಗೆ ಮತ್ತು ಸುಮಾರು ಎಷ್ಟು ಸಲ ಎಂಬುದನ್ನು ಹೇಳುವುದು, ಗುರುಗಳು ಕೊಟ್ಟ ಪ್ರಾಯಶ್ಚಿತ್ತವನ್ನು ಒಪ್ಪಿ ಪಶ್ಚಾತ್ತಾಪದ ಪ್ರಾರ್ಥನೆ ಹೇಳುವುದು, ಪಾಪವಿಮೋಚನೆ ಪಡೆಯುವುದು. ಕಥೆ ಬೇಡ, ಬೇರೆಯವರ ಹೆಸರೂ ಬೇಡ. ಹೇಳಿದ್ದು ಅಲ್ಲಿಂದ ಹೊರಗೆ ಹೋಗುವುದಿಲ್ಲ, ಗುಟ್ಟು ಮುರಿದ ಗುರುಗಳಿಗೆ ಬಹಿಷ್ಕಾರದ ಶಿಕ್ಷೆ ಇದೆ.

ಪ್ರೊಟೆಸ್ಟಂಟ್ ಸಭೆಗಳಲ್ಲಿ ಕಡ್ಡಾಯವಿಲ್ಲ. ಸಿಎಸ್‌ಐ (ದಕ್ಷಿಣ ಭಾರತ ಸಭೆ) ಆರಾಧನೆಯಲ್ಲಿ ಎಲ್ಲರೂ ಒಟ್ಟಿಗೆ ಪಾಪದರಿಕೆ ಮಾಡುತ್ತಾರೆ, ಸಭಾಪಾಲಕರು ಕ್ಷಮೆಯ ಭರವಸೆಯ ಮಾತು ಹೇಳುತ್ತಾರೆ. ಭಾರ ಇಳಿಯದಿದ್ದರೆ ನಂಬಿಗಸ್ತರೊಬ್ಬರಿಗೆ ಹೇಳಿಕೊಳ್ಳಿ (ಯಾಕೋಬ 5:16). ಪಾಪ ಎಷ್ಟು ಜನರನ್ನು ಮುಟ್ಟಿತೋ ಅರಿಕೆಯೂ ಅಷ್ಟೇ ಜನರ ಮುಂದೆ ಇರಲಿ. ಇಬ್ಬರ ನಡುವಿನದನ್ನು ಮೈಕಿನಲ್ಲಿ ಹೇಳಿಸುವ ಸಭೆಗಳಿವೆ. ಅಲ್ಲಿ ಅರಿಕೆ ಮುಗಿದ ಮೇಲೆ ಊರ ಹರಟೆ ಶುರುವಾಗುತ್ತದೆ.

ಕೂಟದಲ್ಲಿ ಪಾಸ್ಟರ್ ಹೇಳಿಕೊಟ್ಟ ಪ್ರಾರ್ಥನೆಯನ್ನು ಹೇಳಿದೆ. ರಕ್ಷಣೆ ಆಯಿತೇ?

ಆ ಪ್ರಾರ್ಥನೆಯ ವಾಕ್ಯಗಳು ಸೂತ್ರವಾಗಿ ಸತ್ಯವೇದದಲ್ಲಿಲ್ಲ. ಹತ್ತಿರದ್ದೆಂದರೆ ಸುಂಕದವನ ಪ್ರಾರ್ಥನೆ (ಲೂಕ 18:13), ಗ್ರೀಕ್‌ನಲ್ಲಿ ಬರೀ ಆರು ಪದ. ಅದರ ಕ್ರಿಯಾಪದ ಬರೀ ‘ಕನಿಕರಿಸು’ ಅಲ್ಲ, ದೋಷಪರಿಹಾರದ ಯಜ್ಞಕ್ಕೆ ಸಂಬಂಧಿಸಿದ ಪದ. ನೀವು ಹೇಳಿದ ಪ್ರಾರ್ಥನೆ ನಿಮ್ಮ ತಿರುಗುವಿಕೆಯ ಮಾತಾಗಿದ್ದರೆ ಸಂತೋಷ. ಕೈ ಎತ್ತಿದ ದಿನಾಂಕವನ್ನೇ ನೆಚ್ಚಿಕೊಂಡರೆ ಮಾತ್ರ ನೆಚ್ಚಿಕೆ ಜಾಗ ತಪ್ಪಿತು. ಪ್ರತಿ ವರ್ಷ ಕನ್ವೆನ್ಷನ್‌ನಲ್ಲಿ ಮತ್ತೆ ಮತ್ತೆ ಮುಂದೆ ಹೋಗಿ ‘ಈ ಸಲ ಸರಿಯಾಗಿ’ ರಕ್ಷಣೆ ಹೊಂದುವವರ ಕಷ್ಟವೂ ಇದೇ. ಅವರು ನೋಡುತ್ತಿರುವುದು ತಮ್ಮ ನಂಬಿಕೆಯನ್ನು, ಕ್ರಿಸ್ತನನ್ನಲ್ಲ.

ದೀಕ್ಷಾಸ್ನಾನ ಇಲ್ಲದೆ ರಕ್ಷಣೆ ಇಲ್ಲವೇ?

ಶಿಲುಬೆಯ ಮೇಲಿನ ಕಳ್ಳನಿಗೆ ದೀಕ್ಷಾಸ್ನಾನವಾಗಲಿಲ್ಲ (ಲೂಕ 23:43). ಆದರೆ ಅವನಿಗೆ ಇಳಿಯಲು ದಾರಿಯೂ ಇರಲಿಲ್ಲ. ದಾರಿ ಇದ್ದವರಿಗೆ ಪೇತ್ರನು ಎರಡನ್ನೂ ಒಟ್ಟಿಗೆ ಹೇಳಿದ, ಅಂದೇ ಸುಮಾರು 3,000 ಜನ ದೀಕ್ಷಾಸ್ನಾನ ಪಡೆದರು. ಕಥೋಲಿಕರೂ ಸಿಎಸ್‌ಐ ಸಭೆಯವರೂ ಮಕ್ಕಳಿಗೂ ಕೊಡುತ್ತಾರೆ, ನಂಬಿಕೆಯನ್ನು ಮುಂದೆ ದೃಢೀಕರಣದಲ್ಲಿ ಸ್ವಂತ ಬಾಯಿಂದ ಹೇಳಿಸುತ್ತಾರೆ. ಪೆಂಟೆಕಾಸ್ಟ್, ಬ್ರದರನ್, ಬ್ಯಾಪ್ಟಿಸ್ಟ್ ಸಭೆಗಳಲ್ಲಿ ನಂಬಿದ ಮೇಲೆಯೇ, ನೀರಿನಲ್ಲಿ ಪೂರ್ತಿ ಮುಳುಗಿಸಿ.

ಅದೇ ಪಾಪಕ್ಕೆ ಮತ್ತೆ ಮತ್ತೆ ಬೀಳುತ್ತೇನೆ. ನಾನು ಕ್ಷಮಿಸಲಾಗದ ಪಾಪ ಮಾಡಿದ್ದೇನೆಯೇ?

ಮಾರ್ಕ 3:28–30 ಓದಿ. ಯೇಸು ಆ ಮಾತು ಹೇಳಿದ್ದು, ಕಣ್ಣೆದುರಿಗೆ ಪವಿತ್ರಾತ್ಮನ ಕೆಲಸ ಕಂಡೂ ಅದು ದೆವ್ವಗಳ ಒಡೆಯ ಬೆಲ್ಜೆಬೂಲನದೆಂದ ಶಾಸ್ತ್ರಿಗಳಿಗೆ. ಅವರಿಗೆ ಚಿಂತೆಯೇ ಇರಲಿಲ್ಲ. ನಿಮಗೆ ಚಿಂತೆ ಇದೆಯೆಂದರೆ ನೀವು ಅವರ ಸಾಲಿನವರಲ್ಲ.

ಬೀಳುವುದಕ್ಕೂ ಅಲ್ಲೇ ಮನೆ ಕಟ್ಟಿಕೊಳ್ಳುವುದಕ್ಕೂ ವ್ಯತ್ಯಾಸವಿದೆ. ಬಿದ್ದಾಗ ಎಷ್ಟು ಬೇಗ ಎದ್ದಿರಿ, ಬೀಳಿಸಿದ್ದನ್ನು ಈ ಸಲ ದೂರ ಇಟ್ಟಿರಾ ಎಂದು ನೋಡಿಕೊಳ್ಳಿ. ಕುಡಿತ, ಜೂಜಿನ ಚಟಗಳಿಗೆ ಪ್ರಾರ್ಥನೆಯ ಜೊತೆ ಚಿಕಿತ್ಸೆಯೂ ಬೇಕು, ಅದು ನಂಬಿಕೆಯ ಕೊರತೆಯಲ್ಲ. ಇನ್ನು ಕೆಲವರಿಗೆ ಸಮಸ್ಯೆ ತಲೆಕೆಳಗು. ಇಲ್ಲದ ಪಾಪ ಹುಡುಕಿ ಹುಡುಕಿ ಅರಿಕೆ ಮಾಡುತ್ತಾರೆ, ಮುಗಿಸಿದ ಗಳಿಗೆಗೆ ಮತ್ತೆ ಶುರು. ಮಠದಲ್ಲಿದ್ದಾಗ ಲೂಥರನೂ ಗಂಟೆಗಟ್ಟಲೆ ನಿವೇದನೆ ಮಾಡುತ್ತಿದ್ದ. ಅಂಥವರು ಒಬ್ಬರೇ ಮಾರ್ಗದರ್ಶಕರ ಮಾತಿಗೆ ಬದ್ಧರಾಗಿ, ಅರಿಕೆ ಮಾಡಿದ್ದನ್ನು ಮತ್ತೆ ತೆರೆಯಬಾರದು. ಬಿಡದಿದ್ದರೆ ಮನೋವೈದ್ಯರನ್ನು ಕಾಣಬೇಕು.

ಗಂಡ ಹೊಡೆಯುತ್ತಾನೆ, ಆಮೇಲೆ ಅತ್ತು ಪಶ್ಚಾತ್ತಾಪಪಟ್ಟೆ ಎನ್ನುತ್ತಾನೆ. ಕ್ರೈಸ್ತಳಾಗಿ ನಾನು ವಾಪಸ್ ಹೋಗಲೇಬೇಕೇ?

ಬೇಡ. ಕ್ಷಮೆ ಬೇರೆ, ಮತ್ತೆ ಅದೇ ಮನೆಯಲ್ಲಿ ಬಾಳುವುದು ಬೇರೆ. ಪ್ರವಾದಿ ನಾತಾನನು ರಾಜ ದಾವೀದನಿಗೆ ಕ್ಷಮೆಯ ಮಾತು ಹೇಳಿದ ಬಾಯಲ್ಲೇ ಪರಿಣಾಮವನ್ನೂ ಹೇಳಿದ (2 ಸಮುವೇಲ 12:13–14). ನಿಜವಾಗಿ ತಿರುಗಿದವನು ‘ನೀನು ಕ್ಷಮಿಸಲೇಬೇಕು’ ಎಂದು ವಚನ ತೋರಿಸಿ ಒತ್ತಾಯಿಸುವುದಿಲ್ಲ. ದುಂದುಗಾರ ಮಗನು ಮಗನ ಜಾಗ ಕೇಳಲಿಲ್ಲ, ಆಳಿನ ಜಾಗ ಕೇಳಬೇಕೆಂದು ಹೊರಟ. ನಿಮ್ಮ ಗಂಡ ಸಭೆಯ ಹಿರಿಯರ ಮುಂದೆ ತಪ್ಪನ್ನು ಹೆಸರಿಟ್ಟು ಒಪ್ಪಲಿ, ಕುಡಿತವಿದ್ದರೆ ಬಿಡುವ ಚಿಕಿತ್ಸೆಗೆ ಸೇರಲಿ, ತಿಂಗಳುಗಟ್ಟಲೆ ನಡೆದು ತೋರಿಸಲಿ. ಅಲ್ಲಿಯವರೆಗೆ ತವರಿನಲ್ಲೋ ಬೇರೆ ಸುರಕ್ಷಿತ ಜಾಗದಲ್ಲೋ ಇರುವುದು ಪಾಪವಲ್ಲ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡುವುದೂ ಪಾಪವಲ್ಲ.

ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾಗಿದ್ದರೆ ‘ಅವನು ಪಶ್ಚಾತ್ತಾಪಪಟ್ಟಿದ್ದಾನೆ, ಸಭೆಯೊಳಗೇ ಮುಗಿಸೋಣ’ ಎನ್ನುವ ಹಕ್ಕು ಸಭಾಪಾಲಕರಿಗೂ ಇಲ್ಲ, ಹಿರಿಯರಿಗೂ ಇಲ್ಲ. 2012ರ ಪೋಕ್ಸೋ ಕಾಯ್ದೆಯಂತೆ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098.